ಗೋಡೆ ಮೊದಲು, ಚಿತ್ತಾರ ಆಮೇಲೆ

ಸಾಗರ, ಸೊರಬ, ಹೊಸನಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ, ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಚಿತ್ತಾರ ಬರೆಯಲು ಸಿಗುವುದು ಕೆಲವೇ ದಿನ. ನವರಾತ್ರಿ ಮುಗಿಯುತ್ತಿದ್ದಂತೆ ಬುಟ್ಟಿ ಅಟ್ಟದಿಂದ ಇಳಿಯುತ್ತದೆ. ವಿಜಯದಶಮಿಯಿಂದ ಐದನೇ ದಿನಕ್ಕೆ ಹುಣ್ಣಿಮೆ. ಅಂದು ನಸುಕಿನಲ್ಲೇ ಬುಟ್ಟಿ ಚರಗ, ಅಂದರೆ ಗದ್ದೆಗೆ ಬೀರುವ ಎಡೆ, ತುಂಬಿಕೊಂಡು ಗದ್ದೆಯ ದಾರಿ ಹಿಡಿದಿರಬೇಕು. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಭತ್ತ ಹೊಡೆ ಬಿಚ್ಚುವ ಹೊತ್ತು, ಕೊಟ್ಟಿಗೆ ಕೆಲಸ ಇದ್ದೇ ಇದೆ, ಬೆರಕೆ ಸೊಪ್ಪು ಹುಡುಕಿ ತರಬೇಕು, ಹಿಂದಿನ ರಾತ್ರಿಯಿಡೀ ಅಡುಗೆ. ಆದರೂ ಬುಟ್ಟಿ ಬರೆದು ಮುಗಿಯುತ್ತದೆ. ಪ್ರತಿ ವರ್ಷವೂ ಮುಗಿಯುತ್ತದೆ.

ಅಂಥದೇ ಮನೆಯಿಂದ ಬಂದು ಶಿವಮೊಗ್ಗದಲ್ಲಿ ನೌಕರಿಗೆ ಸೇರಿದವರ ಕಪಾಟಿನಲ್ಲಿ ಒಳ್ಳೆಯ ಬ್ರಷ್ ಇರುತ್ತದೆ, ಟ್ಯೂಬಿನ ಬಣ್ಣ ಇರುತ್ತದೆ, ತೆರೆಯದ ಡ್ರಾಯಿಂಗ್ ಪುಸ್ತಕವೂ ಇರುತ್ತದೆ. ಕೇಳಿದರೆ, ‘ಬಿಡುವೆಲ್ಲಿದೆ ಮಾರಾಯ್ರೆ’ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಬುಟ್ಟಿ ಬರೆಯುವ ಮನೆಯಲ್ಲೂ ಬಿಡುವಿರಲಿಲ್ಲವಲ್ಲ. ಅಲ್ಲಿ ಇದ್ದದ್ದು ಬೇರೆ. ಮೊದಲ ಗೆರೆ ಎಳೆಯುವ ಹೊತ್ತಿಗೆ ಮುಕ್ಕಾಲು ತೀರ್ಮಾನಗಳು ಆಗಿಹೋಗಿರುತ್ತವೆ. ಯಾವುದರ ಮೇಲೆ ಬರೆಯುವುದು, ಯಾವ ಬಣ್ಣ, ಎಂದು ಮುಗಿಯಬೇಕು, ಎಲ್ಲಿ ಕೂರುವುದು, ಯಾವುದನ್ನೂ ಅಂದು ಯೋಚಿಸಬೇಕಿಲ್ಲ. ಉಳಿದ ಕಾಲು ಭಾಗಕ್ಕೆ ತಲೆಯೂ ಕೈಯೂ ಪೂರ್ತಿ ಸಿಗುತ್ತವೆ. ನಾವು ಸಂಜೆ ಆರೂವರೆಗೆ ದಣಿದು ಬಂದು ಈ ಎಲ್ಲ ತೀರ್ಮಾನಗಳನ್ನು ಹೊಸದಾಗಿ ಮಾಡಲು ಹೊರಡುತ್ತೇವೆ; ಅಷ್ಟರಲ್ಲೇ ಕುಕ್ಕರ್ ಕೂಗುತ್ತದೆ.

ಹಾಗಾಗಿ ಮೊದಲು ಬುಟ್ಟಿಯ ಅಣಿಯನ್ನೇ ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಬುಟ್ಟಿ ಬಿದಿರಿನದು. ಹೆಣಿಗೆಯ ಸಂದು ಮುಚ್ಚುವಂತೆ ಸೆಗಣಿ ಬಳಿದು ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ನುಣುಪು ಕೆಸರನ್ನಷ್ಟೇ ಬಸಿದುಕೊಳ್ಳಬೇಕು. ಮರಳಿನ ಕಣ ಉಳಿದರೆ ಗೆರೆ ಎಳೆಯುವಾಗ ಕುಂಚ ಎಡವುತ್ತದೆ, ಗೆರೆ ಅಲ್ಲೊಂದು ಗಂಟು ಕಟ್ಟುತ್ತದೆ. ಒಂದೇ ಸಲ ದಪ್ಪಗೆ ಬಳಿದರೂ ಕೆಡುತ್ತದೆ: ಮೇಲ್ಪದರ ಮೊದಲು ಒಣಗಿ ಬಿಗಿದುಕೊಳ್ಳುತ್ತದೆ, ಒಳಗೆ ಇನ್ನೂ ಹಸಿ, ಸಂಜೆಯೊಳಗೆ ಬಿರುಕು. ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲ ಪೂರ್ತಿ ಒಣಗಿಸಿ ಬಳಿಯುವುದೇ ದಾರಿ.

ಬಿಳಿ ಬಣ್ಣಕ್ಕೆ ಅಕ್ಕಿ. ಎರಡು ಬುಟ್ಟಿಗೆ ಎರಡು ಹಿಡಿ ಧಾರಾಳವಾಯಿತು. ನಾಲ್ಕೈದು ಗಂಟೆ ನೆನೆಸಿ, ಬೆರಳಿನ ನಡುವೆ ತಿಕ್ಕಿದರೆ ತರಿ ಸಿಗದಷ್ಟು ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಬೇಕು. ಹದ ಎಂದರೆ ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಹೊಸಬರು ತಪ್ಪುವುದು ಇಲ್ಲೊಂದು ಕಡೆ. ಅಕ್ಕಿಯ ಬಿಳಿ ಹಸಿಯಾಗಿದ್ದಾಗ ಕೆಮ್ಮಣ್ಣಿನ ಮೇಲೆ ಕಂಡೂ ಕಾಣದ ಹಾಗಿರುತ್ತದೆ. ಬೆಳ್ಳಗಾಗುವುದು ಒಣಗಿದ ಮೇಲೆ. ‘ಮಸುಕಾಯಿತು’ ಎಂದು ಆಗಲೇ ಮೇಲೊಂದು ಗೆರೆ ಎಳೆದರೆ ಒಣಗಿದಾಗ ದಪ್ಪ ಉಬ್ಬು, ಮಾರನೇ ದಿನ ಚಕ್ಕೆ. ಒಂದು ಮೂಲೆಯಲ್ಲಿ ಸಣ್ಣ ಗೆರೆ ಎಳೆದು ಒಣಗುವ ತನಕ ಕಾದು ನೋಡಿದರೆ ಈ ತಪ್ಪು ಆಗದು. ಅರೆದ ಹಿಟ್ಟು ಆ ದಿನಕ್ಕಷ್ಟೇ. ಮರುದಿನ ಹುಳಿ ಬರುತ್ತದೆ, ಹಿಡಿತ ಹೋಗುತ್ತದೆ. ಕಪ್ಪಿಗೆ ಅದೇ ಅಕ್ಕಿಯನ್ನು ಕರಕಾಗುವವರೆಗೆ ಹುರಿದು ಅರೆಯುತ್ತಾರೆ. ಹಳದಿ ಗುರಿಗೆ ಕಾಯಿಯಿಂದ ಬರುತ್ತದೆ.

ಕುಂಚ ಪುಂಡಿ ನಾರಿನದು. ಕಟ್ಟು ಸಣ್ಣದು, ನಾರು ಉದ್ದ. ಈ ಉದ್ದಕ್ಕೆ ಕಾರಣವಿದೆ. ಮೋಟು ಬ್ರಷ್ಷಿನ ತುದಿಯನ್ನು ಕುಕ್ಕಿ ಎಳೆದರೆ ಕೈಯ ಸಣ್ಣ ನಡುಕವೂ ಗೆರೆಯಲ್ಲಿ ಕಾಣುತ್ತದೆ. ಉದ್ದ ನಾರನ್ನು ಮೈಮೇಲೆ ಮಲಗಿಸಿ ಹಿಂದಕ್ಕೆ ಎಳೆದುಕೊಂಡು ಹೋದರೆ ನಡುಕ ನಾರಿನಲ್ಲೇ ಕರಗುತ್ತದೆ, ಬಣ್ಣವೂ ಬೇಗ ಮುಗಿಯುವುದಿಲ್ಲ. ಮದುವೆ ಮನೆಯಲ್ಲಿ ಚಿತ್ತಾರ ಬರೆಯುವ ಹಸೆಗೋಡೆಯ ಆ ನೇರ ಗೆರೆಗಳ ಹಿಂದೆ ಕೈಯ ಅಭ್ಯಾಸದ ಜೊತೆ ನಾರಿನ ಉದ್ದವೂ ಕೆಲಸ ಮಾಡಿದೆ. ಪೇಟೆಯಲ್ಲಿ ಪುಂಡಿ ನಾರು ಸಿಗದವರು ಉದ್ದ ಕೂದಲಿನ, ಸಣ್ಣ ನಂಬರಿನ ಲೈನರ್ ಬ್ರಷ್ ಕೊಂಡರೆ ಸಾಕು.

ಏನು ಬರೆಯುವುದು ಎಂಬ ಪ್ರಶ್ನೆಯೂ ಅಲ್ಲಿ ಹೆಚ್ಚು ಕಾಡುವುದಿಲ್ಲ. ಮೊದಲು ಹೊರಚೌಕಟ್ಟು, ಆಮೇಲೆ ಒಳಗಿನ ಮನೆಗಳು (ಚೌಕಗಳು), ಆಮೇಲೆ ಎಳೆಗಳ ತುಂಬುವಿಕೆ. ಎಳೆ ಎರಡೇ ನಾಲ್ಕೇ, ಯಾವ ಅಂಚಿನ ಪಕ್ಕ ಯಾವುದು, ಎಲ್ಲಿ ಕೆಂಪನ್ನು ಖಾಲಿ ಬಿಡುವುದು, ಬರೆಯುವವಳ ಸ್ವಾತಂತ್ರ್ಯ ಇಷ್ಟರಲ್ಲಿ. ಇದು ಕಡಿಮೆ ಸ್ವಾತಂತ್ರ್ಯ ಎಂದು ಕಾಲೇಜು ಕಲಿತವರು ಮೂಗು ಮುರಿಯುವುದುಂಟು. ಬಿಳಿ ಹಾಳೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತು ಎದ್ದುಹೋಗುವ ಸ್ವಾತಂತ್ರ್ಯಕ್ಕಿಂತ ಇದು ಎಷ್ಟೋ ಮೇಲು.

ಬಾಡಿಗೆ ಮನೆಗೆ ಒಂದು ಹಲಗೆ

ಈಗಿನ ಸಿಮೆಂಟು ಗೋಡೆಗೆ ಡಿಸ್ಟೆಂಪರ್ ಬಳಿದಿರುತ್ತದೆ. ಅದರ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ. ಮಣ್ಣಿನ ಗೋಡೆ ನೀರು ಹೀರಿ ಕೆಮ್ಮಣ್ಣನ್ನು ಹಿಡಿದುಕೊಳ್ಳುತ್ತಿತ್ತು, ಇದು ಹೀರುವುದಿಲ್ಲ. ಒಣಗಿದ ಮೇಲೆ ಹಪ್ಪಳ ಎದ್ದು ಉದುರುತ್ತದೆ. ಮಾಲೀಕರ ಮಾತು ಬೇರೆ. ಅದಕ್ಕೇ ಗೋಡೆಯನ್ನು ಬಿಟ್ಟು ಹಲಗೆ ಹಿಡಿಯುವುದು ಲೇಸು.

2 ಅಡಿಗೆ 3 ಅಡಿಯ, 12 ಮಿಲಿಮೀಟರ್ ದಪ್ಪದ ಪ್ಲೈವುಡ್ ತನ್ನಿ. 6 ಮಿಲಿಮೀಟರಿನದು ಅಗ್ಗ, ಆದರೆ ಒಂದೇ ಬದಿಗೆ ನೀರು ತಾಗಿದಾಗ ದೋಣಿಯಾಗುತ್ತದೆ. ಒರಟು ಉಪ್ಪುಕಾಗದದಲ್ಲಿ ಎರಡೂ ಬದಿ ಉಜ್ಜಿ. ಜರಡಿ ಹಿಡಿದ ಕೆಮ್ಮಣ್ಣು ಒಂದು ದೊಡ್ಡ ಬಟ್ಟಲಿಗೆ ಮರಕ್ಕೆ ಹಾಕುವ ಬಿಳಿ ಅಂಟು ಎರಡು ಚಮಚದಿಂದ ಶುರು ಮಾಡಿ, ನೀರು ಹದಕ್ಕೆ. ಮೊದಲ ಪದರ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಮೂರನೆಯದು ಮತ್ತೆ ಅಡ್ಡಕ್ಕೆ. ಹಿಂಬದಿಗೂ ಒಂದು ಪದರ ಬಳಿದರೆ ಹಲಗೆ ಬಾಗುವುದಿಲ್ಲ. ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಕೆಂಪು ಹತ್ತಿದರೆ ಅಂಟು ಸಾಲದು. ಮುಂದಿನ ಪದರಕ್ಕೆ ಅರ್ಧ ಚಮಚ ಹೆಚ್ಚಿಸಿ. ಮೇಲ್ಮೈ ಮಿರುಗುತ್ತಿದ್ದು, ಅಕ್ಕಿ ಹಿಟ್ಟಿನ ಗೆರೆ ಹನಿಹನಿಯಾಗಿ ಒಡೆದರೆ ಅಂಟು ಜಾಸ್ತಿಯಾಗಿದೆ. ಅಂಟಿಲ್ಲದ ಬರಿ ಕೆಮ್ಮಣ್ಣಿನ ತೆಳು ಪದರವೊಂದನ್ನು ಮೇಲೆ ಎಳೆದರೆ ಸರಿಹೋಗುತ್ತದೆ.

ಅಕ್ಕಿ ಹಿಟ್ಟಿನ ಗೆರೆಯನ್ನು ಜಿರಲೆ ತಿನ್ನುತ್ತದೆ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು ಇದೇ ಕಾಟಕ್ಕೆ. ತೋಟದ ಮನೆಗಳಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಇದ್ದೇ ಇರುತ್ತದೆ. ಗೋಡೆಗೆ ತೂಗುವ ಹಲಗೆಗಾದರೆ ಹಾಕಬಹುದು. ಅದು ವಿಷ, ಮಕ್ಕಳ ಕೈಗೆ ಸಿಗುವುದಕ್ಕೂ ಅನ್ನ ತುಂಬುವ ಬುಟ್ಟಿಗೂ ಖಂಡಿತ ಬೇಡ.

ಚಿತ್ತಾರವೇ ಬೇಕೆಂದಿಲ್ಲ. ಬರೆಯುವವರಿಗೆ, ಹೊಲಿಯುವವರಿಗೆ, ಮರ ಕೆತ್ತುವವರಿಗೂ ಇಷ್ಟೇ ಅಗಲದ ಒಂದು ಜಾಗ ಸಾಕು. ಒಂದೇ ಷರತ್ತು: ಊಟದ ಹೊತ್ತಿಗೆ ಅದನ್ನು ಖಾಲಿ ಮಾಡುವ ಹಾಗಿರಬಾರದು. ಊಟದ ಮೇಜಿನ ಮೇಲೆ ಹರಡಿ ಮತ್ತೆ ಎತ್ತಿಡುವ ಕೆಲಸಕ್ಕೇ ದಿನಕ್ಕೆ ಇಪ್ಪತ್ತು ನಿಮಿಷ ಹೋದರೆ ಆ ಕೆಲಸ ತಿಂಗಳು ಬಾಳುವುದಿಲ್ಲ. ಜಾಗ ಸಾಲದಿದ್ದರೆ ಗೋಡೆಗೆ ತಿರುಗಣೆ ಹಾಕಿ ಮಡಿಸುವ ಹಲಗೆ ಕೂರಿಸಬಹುದು. ಮಡಿಸಿದಾಗಲೂ ಕೆಲಸ ಇದ್ದ ಹಾಗೇ ಇರುವಂತೆ ಕೆಳಗೊಂದು ಆಳದ ತಟ್ಟೆ ಬೇಕು.

ಯಾವ ಗೋಡೆ ಎಂಬುದು ಮಲೆನಾಡಿನಲ್ಲಿ ಸಣ್ಣ ಮಾತಲ್ಲ. ನೈರುತ್ಯದ ಮಳೆ ಪಶ್ಚಿಮದ ಮತ್ತು ದಕ್ಷಿಣದ ಗೋಡೆಗೆ ಬಡಿಯುತ್ತದೆ. ಜುಲೈ ಹೊತ್ತಿಗೆ ಆ ಗೋಡೆಯ ಒಳಮೈ ತಣ್ಣಗೆ ಬೆವರುತ್ತಿರುತ್ತದೆ. ಪೂರ್ವದ ಅಥವಾ ಒಳಗಿನ ಗೋಡೆ ಹಿಡಿಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಗೋಡೆಗೂ ಹಲಗೆಗೂ ನಡುವೆ ಒಂದು ಅಂಗುಲದ ರೀಪು ಹೊಡೆದು ಗಾಳಿಯಾಡಲು ಬಿಡಿ. ಬೆಳಕಿಗೆ, ಮೋಡದ ದಿನ ನಾಲ್ಕು ಗಂಟೆಗೇ ಕತ್ತಲಾಗುವುದರಿಂದ, ದೀಪವೊಂದು ಬೇಕೇ ಬೇಕು. 9 ವ್ಯಾಟಿನ ಎಲ್‌ಇಡಿ ಸಾಕು, ಆದರೆ 4000 ಕೆಲ್ವಿನ್ ಆಸುಪಾಸಿನದು ನೋಡಿ ತನ್ನಿ. 6500ರ ನೀಲಿ ಬಿಳುಪಿನಲ್ಲಿ ಕೆಮ್ಮಣ್ಣು ಕೊಳಕು ಕಂದಾಗಿ ಕಾಣುತ್ತದೆ. ಬಲಗೈಯವರಿಗೆ ದೀಪ ಎಡಕ್ಕಿರಲಿ. ಇಲ್ಲವಾದರೆ ಕೈಯ ನೆರಳು ಗೆರೆಯ ತುದಿಯ ಮೇಲೇ ಬೀಳುತ್ತದೆ.

ಬೂಷ್ಟಿನ ತಿಂಗಳುಗಳು

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ಮೀರುತ್ತದೆ. ಶಿವಮೊಗ್ಗ ಪೇಟೆಗೆ ಬೀಳುವುದು ಅದರಲ್ಲಿ ಸಣ್ಣ ಪಾಲು. ಆದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಹವ್ಯಾಸಗಳು ಸಾಯುವುದು ಬಹುಪಾಲು ಜೂನ್ ಮತ್ತು ಸೆಪ್ಟೆಂಬರ್ ನಡುವೆ, ಮತ್ತು ಸಾಯಿಸುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ತೇವ. ಒಂದು ಸಲ ಹಾಳೆ ಬೂಷ್ಟು ಹಿಡಿದರೆ, ಹಾರ್ಮೋನಿಯಂನ ಮನೆ (ಕೀ) ಒತ್ತಿದಲ್ಲೇ ಕೂತರೆ, ಕ್ಯಾಮೆರಾದ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆ ಹಬ್ಬಿದರೆ, ಮುಂದಿನ ವರ್ಷ ಯಾರಿಗೂ ಉತ್ಸಾಹ ಉಳಿಯುವುದಿಲ್ಲ.

ಕಾಗದದಿಂದ ಶುರು ಮಾಡೋಣ. ಜೆರಾಕ್ಸಿನ ತೆಳು ಹಾಳೆ ತೇವ ಹೀರಿದಾಗ ಶಾಯಿ ಎಳೆಯ ಸುತ್ತ ಹಬ್ಬುತ್ತದೆ. ಜಲವರ್ಣದ ದಪ್ಪ ಹಾಳೆಗೆ ಬೇರೆ ಕಾಯಿಲೆ. ಬಣ್ಣ ಒಮ್ಮೆಲೇ ಇಂಗದಿರಲೆಂದು ಅದಕ್ಕೆ ಸರಸಿನಂಥ ಲೇಪ ಕೊಟ್ಟಿರುತ್ತಾರೆ. ಬೂಷ್ಟು ತಿನ್ನುವುದು ಆ ಲೇಪವನ್ನೇ. ಹಾಳೆ ನೋಡಲು ಚೆನ್ನಾಗೇ ಇರುತ್ತದೆ, ಬಣ್ಣ ಬಳಿದ ಕೂಡಲೇ ಅಲ್ಲಲ್ಲಿ ಗುಂಡಗೆ ಕಪ್ಪಾಗಿ ಇಂಗುತ್ತದೆ. ಅಂಥ ಹಾಳೆ ಮತ್ತೆ ಸರಿಹೋಗುವುದಿಲ್ಲ, ಅಭ್ಯಾಸದ ಪೆನ್ಸಿಲ್ ಕೆಲಸಕ್ಕೆ ಬಳಸಿ ಮುಗಿಸಿ. ಮೇ ಮುಗಿಯುವ ಮೊದಲು, ಇನ್ನೂ ಬಿಸಿಲಿರುವಾಗಲೇ, ಹಾಳೆಗಳನ್ನು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಗೆ ಸೇರಿಸಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬೇಕು. ಜುಲೈಯಲ್ಲಿ ಎಚ್ಚೆತ್ತು ಡಬ್ಬಿ ಮುಚ್ಚಿದರೆ ತೇವವನ್ನೇ ಒಳಗೆ ಭದ್ರ ಮಾಡಿದಂತಾಗುತ್ತದೆ. ನೀಲಿ ಜೆಲ್ ತೇವ ಕುಡಿದು ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿಗೆ ಕೋಬಾಲ್ಟ್ ಉಪ್ಪು ಹಾಕಿರುತ್ತಾರೆ, ಹಾಗಾಗಿ ಅಡುಗೆಯ ಬಾಣಲೆ ಮುಟ್ಟಬೇಡಿ, ಹಳೆಯ ತಗಡಿನ ತಟ್ಟೆ ಬೇರೆಯೇ ಇಡಿ. ಕಿತ್ತಳೆ ಬಣ್ಣದ ಜೆಲ್ ಸಿಕ್ಕರೆ ಅದೇ ವಾಸಿ.

ಹಾರ್ಮೋನಿಯಂ, ಕ್ಯಾಮೆರಾಗಳಿಗೆ ಹಳೆಯ ಉಪಾಯ ಒಂದಿತ್ತು: ಕಪಾಟಿನೊಳಗೆ ಸಣ್ಣ ಬಲ್ಬು ಹಚ್ಚಿಡುವುದು. ಕೆಲಸ ಮಾಡುತ್ತಿದ್ದುದು ಬಲ್ಬಿನ ಬೆಳಕಲ್ಲ, ಬಿಸಿ. ಈಗ ಅದೇ ಜಾಗಕ್ಕೆ ಎಲ್‌ಇಡಿ ಹಾಕಿ ಏಕೆ ಬೂಷ್ಟು ಬಂತು ಎಂದು ಕೇಳುವವರಿದ್ದಾರೆ. ಎಲ್‌ಇಡಿ ಅಷ್ಟು ಕಾಯುವುದಿಲ್ಲ. ಹಳೆಯ ತಂತಿಯ ಬಲ್ಬು ಸಿಕ್ಕರೆ ಸರಿ, ಬಟ್ಟೆ, ಕಾಗದ, ಮರ ತಾಗದಂತೆ ದೂರ ಕಟ್ಟಬೇಕು. ಸಿಗದಿದ್ದರೆ ಡಬ್ಬಿ ಮತ್ತು ಜೆಲ್ಲೇ ಗತಿ. ಮದ್ದಳೆಯ ಚರ್ಮ ಮಳೆಗಾಲದಲ್ಲಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಕೆಂಡದ ಹತ್ತಿರ ಬೆಚ್ಚಗೆ ಮಾಡುವುದು ರೂಢಿ. ತಪ್ಪುವುದು ಅವಸರದಲ್ಲಿ. ಹತ್ತಿರ ಹಿಡಿದು ಬೇಗ ಕಾಯಿಸಿದರೆ ಚರ್ಮ ಒಮ್ಮೆಲೇ ಬಿಗಿದು ಅದರ ಮೇಲಿನ ಕಪ್ಪು ಲೇಪ, ಕರಣೆ, ಬಿರಿಯುತ್ತದೆ. ಅಂಗೈ ಹಿಡಿದರೆ ಹಾಯೆನಿಸುವ ದೂರ ಸಾಕು.

ಇಷ್ಟೆಲ್ಲ ಮಾಡಿದರೂ ತೇವವನ್ನು ಗೆಲ್ಲುವುದು ಆಗದ ಮಾತು, ಹಾಗಾಗಿ ಕೆಲಸವನ್ನೇ ಕಾಲಕ್ಕೆ ತಕ್ಕಂತೆ ಹಂಚುವುದು ಜಾಣತನ. ಮಳೆಗಾಲ ಕೆಲವಕ್ಕೆ ಅನುಕೂಲವೇ. ಜೇಡಿಮಣ್ಣು ನಿಧಾನ ಒಣಗುವುದರಿಂದ ಬಿರುಕು ಕಡಿಮೆ. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಪಡುವ ಪಾಡು ಇರುವುದಿಲ್ಲ. ಜಲವರ್ಣದಲ್ಲಿ ಹಸಿ ಹಾಳೆಯ ಮೇಲೆ ಬಣ್ಣ ಹರಿಯಬಿಡುವ ಕೆಲಸಕ್ಕೆ ಹೊತ್ತು ಹೆಚ್ಚು ಸಿಗುತ್ತದೆ. ಎಣ್ಣೆ ಬಣ್ಣ, ವಾರ್ನಿಷ್, ಮರದ ಅಂಟುಕೆಲಸ, ಕೆಮ್ಮಣ್ಣಿನ ಹಲಗೆ, ಇವೆಲ್ಲ ಬಿಸಿಲಿನವು. ಮಳೆಯಲ್ಲಿ ಇವುಗಳ ಜೊತೆ ಗುದ್ದಾಡಬಾರದು. ಮಳೆಗಾಲ ಮುಖ್ಯವಾಗಿ ಮಾತಿನ ಕಾಲ.

ಯಕ್ಷಗಾನದ ಬಯಲಾಟ ನಿಂತಾಗ ಜಗಲಿಗೆ ಬಂದು ಕೂರುವ ತಾಳಮದ್ದಳೆ ಇದಕ್ಕೆ ಕಂಡುಕೊಂಡ ಉಪಾಯ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಪಾತ್ರವಾಗಿ ಆ ಪದ್ಯವನ್ನು ಅಲ್ಲೇ ಮಾತಾಗಿ ಬೆಳೆಸುತ್ತಾನೆ, ಎದುರಿನವನು ಅದಕ್ಕೆ ಉತ್ತರ ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ನೋಡುವವರಿಗೆ ಎಲ್ಲ ಆಗಲೇ ಹುಟ್ಟಿದಂತೆ ಕಾಣುತ್ತದೆ. ಒಳ್ಳೆಯ ಅರ್ಥಧಾರಿಯ ಕೈಯಲ್ಲಿ ಮೂರು ಸಂಗತಿ ಮೊದಲೇ ಇರುತ್ತವೆ. ಪದ್ಯದಲ್ಲಿ ಬಿಡಬಾರದ ಮಾತು ಯಾವುದು, ಎದುರಿನವನು ಎಲ್ಲಿ ಹಿಡಿಯಬಹುದು, ಮತ್ತು ಮುಂದಿನ ಪದ್ಯಕ್ಕೆ ಭಾಗವತರಿಗೆ ಎಲ್ಲಿ ಎಡೆ ಕೊಡಬೇಕು. ಕೂಟ ಕೆಡುವುದು ಸಾಮಾನ್ಯವಾಗಿ ಮೂರನೆಯದನ್ನು ಮರೆತಾಗ. ಪಾಂಡಿತ್ಯ ತೋರಿಸಲು ಹೊರಟವನು ನಿಲ್ಲಿಸುವುದಿಲ್ಲ, ಎದುರಿನ ಪಾತ್ರ ಒಣಗಿ ಕೂರುತ್ತದೆ, ವಾಲಿಗೆ ಬಾಣ ತಾಗುವ ಮೊದಲೇ ಸಭೆ ಆಕಳಿಸುತ್ತದೆ. ಇದನ್ನು ಮನೆಮಟ್ಟಕ್ಕೆ ಇಳಿಸುವುದು ಕಷ್ಟವಲ್ಲ. ಒಂದೇ ಪದ್ಯ ತೆಗೆದುಕೊಂಡು ಇಬ್ಬರು ಐದೈದು ನಿಮಿಷ ವಾದಿಸುವುದು, ಮರುದಿನ ಪಾತ್ರ ಅದಲುಬದಲು ಮಾಡುವುದು. ಗೆಲ್ಲಿಸಿದ ಪಾತ್ರವನ್ನೇ ಸೋಲಿಸಲು ಹೊರಟಾಗ ತಲೆ ನಿಜವಾಗಿ ಓಡುತ್ತದೆ.

ಬರೆಯುವವರಿಗೆ ಷಟ್ಪದಿ ಇಂಥದೇ ಕಟ್ಟು. ತುಂಗೆಯ ದಡದ ಮತ್ತೂರು, ಹೊಸಹಳ್ಳಿಗಳಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ಇನ್ನೂ ಉಸಿರಾಡುತ್ತಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸ ಹಿಡಿದ ಭಾಮಿನಿ ಷಟ್ಪದಿಯ ಲೆಕ್ಕ ಹೀಗೆ: ಆರು ಸಾಲು, 1, 2, 4, 5ನೆಯ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14 ಮಾತ್ರೆ. 3 ಮತ್ತು 6ನೆಯ ಸಾಲಿನಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು, 23 ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ, ಉಳಿದದ್ದು ಲಘು, ಒಂದು ಮಾತ್ರೆ. ದಿನಕ್ಕೆ ಎರಡು ಸಾಲು ಕಟ್ಟಿದರೆ ಬೇಕಾದಷ್ಟಾಯಿತು, ವಸ್ತು ಎದುರಿಗಿರುವುದೇ ಆಗಲಿ.

ಮಳೆಯು ನಿಂತಿತು ಹಂಚಿನಂಚಲಿ
ಹನಿಯು ತೂಗಿದೆ ಗಾಳಿ ಬೀಸದೆ

ಇದು ಕವಿತೆ ಎಂದಲ್ಲ. ಲೆಕ್ಕ ಕೂತಿದೆ, ಕಣ್ಣು ಹಂಚಿನ ಕಡೆ ಹೋಗಿದೆ, ಅಷ್ಟೇ. ಎಡವುವುದು ಎರಡು ಕಡೆ. ಮಾತ್ರೆ ಸಾಲದಾಗ ‘ತಾನು’, ‘ಬಲು’, ‘ಅಹ’ ಎಂದು ತುಂಬಿಸುವುದು ಒಂದು. ಗಣದ, ಅಂದರೆ ಮೂರು ಇಲ್ಲವೇ ನಾಲ್ಕು ಮಾತ್ರೆಯ ಗುಂಪಿನ, ಶುರುವಿನಲ್ಲೇ ಲಘುವಿನ ಬೆನ್ನಿಗೆ ಗುರು ತರುವುದು ಇನ್ನೊಂದು; ‘ಮನೋ’ ಎಂಬಂಥ ಶುರು ಲೆಕ್ಕಕ್ಕೆ ಸರಿ, ಓದಿದರೆ ನಡಿಗೆ ಮುಗ್ಗರಿಸುತ್ತದೆ. ಬರೆದದ್ದನ್ನು ತೊಡೆಯ ಮೇಲೆ ತಾಳ ಹಾಕಿ ಗಟ್ಟಿಯಾಗಿ ಓದಿದರೆ ಎರಡೂ ಸಿಕ್ಕಿಬೀಳುತ್ತವೆ. ಅಡಿಕೆ ಸುಲಿಯುವಾಗ ಇದು ಚೆನ್ನಾಗಿ ಹೊಂದುತ್ತದೆ. ಮೆಟ್ಟುಗತ್ತಿಯ ಮುಂದೆ ಎರಡೂ ಕೈ ಕಟ್ಟಿಹಾಕಿದಂತೆ, ಪೆನ್ನು ಹಿಡಿಯಲಾಗದು, ಆದರೆ ಕೈಗೆ ಒಂದು ಲಯವಿರುತ್ತದೆ, ಸಾಲು ಅದರ ಮೇಲೆ ಕೂರುತ್ತದೆ. ನೆನಪಿನಲ್ಲಿ ಉಳಿಯದ ಸಾಲನ್ನು ಬರೆದಿಡದಿದ್ದರೂ ನಷ್ಟವಿಲ್ಲ.

ಅಡಿಕೆಯ ಮಾತು ಬಂತು. ಹಸಿ ಅಡಿಕೆ ಬೇಯಿಸುವ ಮನೆಗಳಲ್ಲಿ ಹಂಡೆಯ ತಳದಲ್ಲಿ ಉಳಿಯುವ ಗಟ್ಟಿ ರಸ, ಅಂದರೆ ಚೊಗರು, ಒಳ್ಳೆಯ ಬಣ್ಣ. ಸಾಗರದ ಹತ್ತಿರದ ಹೆಗ್ಗೋಡಿನ ಚರಕ ಎಂಬ ಕೈಮಗ್ಗ ಸಂಸ್ಥೆಯಲ್ಲಿ ಬಟ್ಟೆಗೆ ಈ ಬಣ್ಣವನ್ನು ಬಳಸುತ್ತಾರೆ. ಮನೆಯಲ್ಲಿ ಶಾಯಿ ಮಾಡಲು, ಚೊಗರಿಗೆ ಅದರ ಎರಡರಷ್ಟು ಬಿಸಿನೀರು ಬೆರೆಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಕೆಂಪು ಕಂದಿನ ಶಾಯಿ ತಯಾರು. ಇದರಲ್ಲಿ ತುಕ್ಕು ಹಿಡಿದ ನಾಲ್ಕು ಮೊಳೆ, ಒಂದು ಚಮಚ ವಿನೆಗರ್ ಹಾಕಿ ಒಂದೆರಡು ದಿನ ಬಿಟ್ಟರೆ ಒಗರಿಗೂ ಕಬ್ಬಿಣಕ್ಕೂ ಕೂಡಿ ಕಪ್ಪುಬೂದಿಯ ಬಣ್ಣಕ್ಕೆ ತಿರುಗುತ್ತದೆ. ಎರಡು ಲವಂಗ ಹಾಕಿದರೆ ಬೂಷ್ಟು ತಡವಾಗುತ್ತದೆ. ಕಬ್ಬಿಣದ ಶಾಯಿ ವರ್ಷಗಳ ಮೇಲೆ ಕಾಗದವನ್ನು ತಿನ್ನುತ್ತದೆ, ಹಾಗಾಗಿ ಉಳಿಯಬೇಕಾದ ಕೆಲಸಕ್ಕೆ ಮೊಳೆ ಹಾಕದ ಕಂದೇ ಮೇಲು. ಬಣ್ಣ ಕಲಸಲು ಒಣ ಅಡಿಕೆ ಹಾಳೆಯ ತುಂಡು ಇದ್ದರಾಯಿತು. ಇಷ್ಟೆಲ್ಲ ಹೇಳುವುದು ದುಡ್ಡು ಉಳಿಸುವುದಕ್ಕಲ್ಲ. ಎರಡು ಸಾವಿರ ರೂಪಾಯಿಯ ಬಣ್ಣ ಮುಂದಿದ್ದಾಗ ಹಾಳುಮಾಡಲು ಕೈ ಹೆದರುತ್ತದೆ, ಚೊಗರಿಗೆ ಹೆದರುವುದಿಲ್ಲ.

ಯಾರ ಹೊತ್ತು

ಇಲ್ಲಿ ಒಂದು ಅಹಿತವಾದ ಮಾತು ಹೇಳಲೇಬೇಕು. ಮಲೆನಾಡಿನ ಮನೆಯಲ್ಲಿ ಗಂಡಸರ ಕಲೆಗೆ ಜಗಲಿ ಇತ್ತು. ತಾಳಮದ್ದಳೆ, ಗಮಕ, ನಾಟಕದ ತಾಲೀಮು ಎಂದು ರಾತ್ರಿ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೆಂಗಸರ ಕಲೆಗೆ ಹೊತ್ತು ಸಿಕ್ಕಿದ್ದು ಅದು ಹಬ್ಬಕ್ಕೋ ಮದುವೆಗೋ ಅಂಟಿಕೊಂಡಿದ್ದರಿಂದ. ಬುಟ್ಟಿ ಬರೆಯುವವಳನ್ನು ಯಾರೂ ಎಬ್ಬಿಸುವುದಿಲ್ಲ, ಅದು ದೇವರ ಕೆಲಸ. ಅದೇ ಹೆಂಗಸು ಯಾವ ಹಬ್ಬವೂ ಇಲ್ಲದ ಫೆಬ್ರವರಿಯ ಮಧ್ಯಾಹ್ನ ಹಲಗೆ ಮುಂದೆ ಕೂತರೆ, ‘ಇವತ್ತು ಕೆಲಸ ಇಲ್ವಾ’ ಎಂಬ ಪ್ರಶ್ನೆ ಅಡುಗೆಮನೆಯಿಂದಲೇ ಬರುತ್ತದೆ. ಹಾಗಾಗಿ ಮನೆಯಲ್ಲಿ ಕಲೆಗೆ ಜಾಗ ಮಾಡುವುದೆಂದರೆ ಪ್ಲೈವುಡ್ ತರುವುದರಲ್ಲಿ ಮುಗಿಯುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಒಲೆಯ ಮೇಲಿನ ಹಾಲು ಯಾರು ನೋಡುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು, ಹೆಸರು ಹಿಡಿದು. ‘ಯಾರಾದರೂ ನೋಡ್ಕೊಳ್ತೀವಿ’ ಎಂದರೆ ಅವಳೇ ನೋಡಿಕೊಳ್ಳುತ್ತಾಳೆ.

ಇದಕ್ಕೆ ಕೆಲಸ ಮಾಡುವ ಉಪಾಯ ಗಡುವನ್ನು ಹೊರಗಿನವರ ಕೈಗೆ ಕೊಡುವುದು. ಅಕ್ಕಪಕ್ಕದ ನಾಲ್ಕೈದು ಮನೆಯವರು ತಿಂಗಳಿಗೊಮ್ಮೆ ಸೇರಿದರೆ, ‘ಹುಣ್ಣಿಮೆಗೆ ಮುಗಿಸಿಕೊಡಬೇಕು’ ಎಂಬ ಮಾತಿಗೆ ಹಬ್ಬದಷ್ಟೇ ತೂಕ ಬರುತ್ತದೆ. ನಿಯಮ ಕಡಿಮೆ ಇರಲಿ: ಮಾಡಿದ್ದು ಏನಾದರೂ ತರಲೇಬೇಕು, ಅರ್ಧವಾದರೂ ಸರಿ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿತು ಎಂದು ತಂದವರೇ ತೋರಿಸಬೇಕು, ತಿಂಡಿ ಮಂಡಕ್ಕಿ, ಕಷಾಯ ಮೀರಬಾರದು. ಕೊನೆಯದನ್ನು ತಮಾಷೆ ಎಂದುಕೊಳ್ಳಬೇಡಿ. ಒಂದು ಮನೆಯಲ್ಲಿ ಕೊಟ್ಟೆ ಕಡುಬು ಮಾಡಿದರೆ ಮುಂದಿನ ಮನೆಯವರು ಎರಡು ಬಗೆ ಮಾಡುತ್ತಾರೆ, ನಾಲ್ಕನೇ ತಿಂಗಳಿಗೆ ಕೂಟ ಅಡುಗೆಯ ಭಾರಕ್ಕೆ ಕುಸಿಯುತ್ತದೆ. ವಾಟ್ಸ್‌ಆ್ಯಪ್ ಗುಂಪು ದಿನಾಂಕ ತಿಳಿಸಲು ಮಾತ್ರ. ಫೋಟೋ ಹಾಕಿ ಹೂವಿನ ಚಿತ್ರ ಪಡೆದವರು ಕೂಟಕ್ಕೆ ಬರುವುದನ್ನು ನಿಲ್ಲಿಸುತ್ತಾರೆ, ಸಿಗಬೇಕಾದ್ದು ಸಿಕ್ಕಿತಲ್ಲ.

ಸಣ್ಣದರಿಂದ ಏನಾದೀತು ಎನ್ನುವವರು ಹೆಗ್ಗೋಡಿನ ಲೆಕ್ಕ ನೋಡಬಹುದು. ನೀಲಕಂಠೇಶ್ವರ ನಾಟ್ಯಸೇವಾ ಸಂಘ (ನೀನಾಸಂ) ಶುರುವಾದದ್ದು 1949ರಲ್ಲಿ, ಊರಿನವರ ಹವ್ಯಾಸವಾಗಿ. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ಊರೂರು ಸುತ್ತುವ ತಿರುಗಾಟ 1985ರಲ್ಲಿ, ಸಂಘವನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ 1991ರಲ್ಲಿ. ಶಾಲೆಗೂ ಮೊದಲು ಮೂವತ್ತು ವರ್ಷ ತೋಟದ ಕೆಲಸದ ನಡುವೆಯೇ ನಾಟಕ ನಡೆದಿದೆ. ಸುಬ್ಬಣ್ಣನವರೂ ಅಡಿಕೆ ಬೆಳೆಗಾರರೇ ಆಗಿದ್ದರು.

ಮಕ್ಕಳ ವಿಷಯದಲ್ಲಿ ಹೇಳುವುದು ಸ್ವಲ್ಪ. ಒಂದು ಗೋಡೆ ಬಿಟ್ಟುಕೊಡಿ, ದೀಪಾವಳಿಗೆ ಮೊದಲು ಸುಣ್ಣ ಬಳಿದು ಹೊಸದು ಮಾಡಿ. ಅಳಿಸಿಹೋಗುತ್ತದೆ ಎಂದು ಗೊತ್ತಿರುವ ಮಗು ಧೈರ್ಯವಾಗಿ ಬರೆಯುತ್ತದೆ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಸುಳಿಯಬಾರದು, ಕಣ್ಣಿಗೆ ಹಾರಿದರೆ ಸುಡುತ್ತದೆ. ಬಹುಮಾನದ ಸ್ಪರ್ಧೆಗಳಿಗೆ ಕಳಿಸುವುದನ್ನು ಆದಷ್ಟು ಮುಂದೂಡಿ. ಗೆದ್ದ ಮಗು ಮುಂದಿನ ಎರಡು ವರ್ಷ ಗೆದ್ದ ಚಿತ್ರವನ್ನೇ ಬರೆಯುತ್ತಿರುತ್ತದೆ.

ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲೆ ಇದೆಲ್ಲ ನಿಲ್ಲುತ್ತದೆ. ನಿಲ್ಲಬೇಕು ಕೂಡ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದರ ನಡುವೆ ದಿನಾ ಒಂದು ಗಂಟೆ ಬರೆಯುತ್ತೇನೆಂದು ಶಪಥ ಮಾಡಿದವರು ಡಿಸೆಂಬರಿನಲ್ಲಿ ತಪ್ಪಿ, ತಪ್ಪಿದ ನಾಚಿಕೆಗೆ ಮಾರ್ಚ್‌ವರೆಗೂ ಹಲಗೆಯ ಕಡೆ ಹಾಯುವುದಿಲ್ಲ. ಅದರ ಬದಲು ಅಂಗಡಿ ಮುಚ್ಚುವ ಹಾಗೆ ಸರಿಯಾಗಿ ಮುಚ್ಚಿ. ಬ್ರಷ್ಷನ್ನು ಸೋಪಿನಲ್ಲಿ ಬುಡದವರೆಗೆ ತೊಳೆದು ಮಲಗಿಸಿ ಒಣಗಿಸಿ. ತಲೆ ಮೇಲೆ ಮಾಡಿ ನಿಲ್ಲಿಸಿದರೆ ನೀರು ತಗಡಿನೊಳಗೆ ಇಳಿದು ಕೂದಲಿನ ಬುಡ ಕೊಳೆಯುತ್ತದೆ. ನಾರಿನ ಕುಂಚ ಎಸೆಯಿರಿ, ಹೊಸದು ಕಟ್ಟಲು ಹತ್ತು ನಿಮಿಷ ಸಾಕು. ಅಕ್ಕಿ ಹಿಟ್ಟು ತಾಗಿದ ಬಟ್ಟಲು, ಬಟ್ಟೆ ತೊಳೆದಿಡಿ. ಡಬ್ಬಿಯ ಜೆಲ್ ಬದಲಿಸಿ. ಹಲಗೆಗೆ ಒಂದು ಪದರ ಕೆಮ್ಮಣ್ಣು ಬಳಿದು, ಚೌಕಟ್ಟಿನ ನಾಲ್ಕು ಗೆರೆ ಮಾತ್ರ ಎಳೆದು ಬಿಡಿ. ಕ್ಯಾಲೆಂಡರಿನಲ್ಲಿ ಶಿವರಾತ್ರಿಯ ಮರುದಿನಕ್ಕೆ ಗುರುತು ಹಾಕಿ, ಆ ದಿನ ಒಲೆ ನೋಡುವವರ ಹೆಸರನ್ನೂ ಅಲ್ಲೇ ಬರೆಯಿರಿ.